ಅಂಗಾತ ಈಜುವವರ ಗುರುತಿನ ಚೀಟಿ

ಕೆರೆ, ಕಲ್ಯಾಣಿ, ಮಳೆನೀರು ನಿಂತ ಕಲ್ಲುಕ್ವಾರಿ, ಎಲ್ಲಿ ಬಗ್ಗಿ ನೋಡಿದರೂ ಅಂಗಾತ ಮಲಗಿ ಹಿಂಗಾಲಿನಿಂದ ಹುಟ್ಟು ಹಾಕುವ ಹುಳಗಳು ಸಿಗುತ್ತವೆ. ಎಲ್ಲರೂ ‘ನೀರುಹುಳ’ ಎಂದು ಮುಂದೆ ನಡೆಯುತ್ತಾರೆ. ಹುಳಕ್ಕೇನೂ ಬೇಸರವಿಲ್ಲ. ಯಾವ ನೀರುಹುಳ ಎಂದು ಕೇಳಿದಾಗಲೇ ಫಜೀತಿ.

ಕುಲದ ಮಟ್ಟಿಗೆ ದಡದಿಂದಲೇ ಅಂದಾಜು ಸಿಗುತ್ತದೆ. ಹೊಟ್ಟೆಯ ತುದಿಯನ್ನು ನೀರಿನ ಮೇಲ್ಪೊರೆಗೆ ತಾಗಿಸಿ ನೇತಾಡುವ ದಪ್ಪ ಮೈಯವು ಎನಿಥಾರಿಸ್. ಮೇಲಕ್ಕೂ ಬಾರದೆ ತಳಕ್ಕೂ ಇಳಿಯದೆ ನಡುನೀರಿನಲ್ಲಿ ಗುಂಪುಗಟ್ಟಿ ನಿಲ್ಲುವ ಸಪೂರದವು ಅನಿಸಾಪ್ಸ್. ಇವುಗಳ ಹೊಟ್ಟೆಯಲ್ಲಿ ಹಿಮೋಗ್ಲೋಬಿನ್ ತುಂಬಿದ ಕೋಶಗಳಿವೆ. ಅಲ್ಲಿಂದ ಬರುವ ಆಮ್ಲಜನಕ ಮೈಗಂಟಿದ ಗಾಳಿಗುಳ್ಳೆಯನ್ನು ಬೇಗ ಕುಗ್ಗಗೊಡದ ಕಾರಣ ಹುಳ ಸ್ವಲ್ಪ ಹೊತ್ತು ತೇಲದೆ ಮುಳುಗದೆ ಇರುತ್ತದೆ. ಖಾತ್ರಿಗೆ ಲೆನ್ಸ್ ಹಿಡಿಯಿರಿ: ಎರಡು ಮೇಲ್ರೆಕ್ಕೆಗಳು ಬೆನ್ನ ಮೇಲೆ ಸೇರುವ ಗೆರೆಯ ಮುಂತುದಿಯಲ್ಲಿ ಕೂದಲಂಚಿನ ಪುಟ್ಟ ಗುಳಿ ಇದ್ದರೆ ಅನಿಸಾಪ್ಸ್. ಅಂಗಾತವೇ ಈಜುವ, ಎರಡು ಮೂರು ಮಿ.ಮೀ. ಉದ್ದದ ಗುಂಡುಬೆನ್ನಿನ ಪ್ಲಿಯಿಡೇ ಕುಟುಂಬದ ಹುಳಗಳನ್ನು ಇದರ ಮರಿಗಳೆಂದು ಎಣಿಸುವುದು ಸಾಮಾನ್ಯ.

ಅನಿಸಾಪ್ಸ್‌ನ ಪ್ರಭೇದಕ್ಕೆ ಬಂದರೆ ಕಣ್ಣು ಸೋಲುತ್ತದೆ. ಬಣ್ಣವನ್ನಂತೂ ನಂಬಲೇಬಾರದು. ಈಗಷ್ಟೇ ಪೊರೆ ಬಿಟ್ಟದ್ದು ಬೆಳ್ಳಗಿರುತ್ತದೆ, ರೆಕ್ಕೆ ಪಾರದರ್ಶಕವಾದ್ದರಿಂದ ಬಲಿತದ್ದರ ಕಪ್ಪು ಹೊಟ್ಟೆ ಮೇಲೆಯೇ ಕಾಣುತ್ತದೆ, ಆಲ್ಕೋಹಾಲಿನಲ್ಲಿ ಕೆಲವು ತಿಂಗಳು ಕಳೆದರೆ ಎಲ್ಲವೂ ಒಂದೇ ಮಾಸಲು. ಬೇಕಾದದ್ದು ಗಂಡು. ಮುಂಗಾಲಿನ ಪಾದ ನೋಡಿ: ಗಂಡಿಗೆ ಒಂದೇ ಗೆಣ್ಣು, ಹೆಣ್ಣಿಗೆ ಎರಡು. ಗಂಡಿನ ಹಣೆಬರಹದ ಒಂದು ಸಾಲು ಹಣೆಯಲ್ಲಿರುತ್ತದೆ. ಕೆಲವು ಪ್ರಭೇದಗಳಲ್ಲಿ ಹಣೆ ಕೊಂಬಿನಂತೆ ಮುಂದೆ ಚಾಚಿರುತ್ತದೆ, ಕೆಲವದರಲ್ಲಿ ತಗ್ಗಾಗಿರುತ್ತದೆ. ಉಳಿದದ್ದು ಮುಂಗಾಲಿನಲ್ಲಿ. ಅಲ್ಲಿನ ಟಿಬಿಯಾದ, ಅಂದರೆ ಮಂಡಿಗೂ ಪಾದಕ್ಕೂ ನಡುವಿನ ಭಾಗದ, ಬುಡದ ಒಳಬದಿಗೆ ಬಾಚಣಿಗೆಯಂಥ ಹಲ್ಲುಸಾಲು ಇದೆ. ಕೊಕ್ಕಿನ ಮೂರನೇ ಗೆಣ್ಣಿನಿಂದ ಹೊರಟ ಮುಳ್ಳಿಗೆ ಅದನ್ನು ಉಜ್ಜಿ ಗಂಡು ಸದ್ದು ಮಾಡುತ್ತದೆ. ಹೆಣ್ಣನ್ನು ಕರೆಯುವ ಈ ವಾದ್ಯವೇ ನಮಗೆ ಗುರುತಿನ ಚೀಟಿ. 1951ರಲ್ಲಿ ಕೀಟವಿಜ್ಞಾನಿ ಬ್ರೂಕ್ಸ್ ಈ ಕುಲವನ್ನು ಪರಿಷ್ಕರಿಸಿದಾಗಲೂ ಗಂಡುಗಳ ಇಂಥ ಲಕ್ಷಣಗಳಿಗೇ ಹೆಚ್ಚು ತೂಕ ಕೊಟ್ಟರು.

ಹಲ್ಲೆಣಿಕೆಗೆ ತಾಳ್ಮೆ ಬೇಕು. 70 ಶೇಕಡಾ ಆಲ್ಕೋಹಾಲಿನಲ್ಲಿಟ್ಟ ಗಂಡಿನ ಮುಂಗಾಲನ್ನು ಸಣ್ಣ ಮೊನೆಯ ಚಿಮಟದಿಂದ ಬುಡಸಮೇತ ಬಿಡಿಸಿ, ಸ್ಲೈಡಿನ ಮೇಲೆ ಒಂದು ಹನಿ ಗ್ಲಿಸರಿನ್ ಹಾಕಿ, ಒಳಬದಿ ಮೇಲೆ ಬರುವಂತೆ ಇಟ್ಟು ಕವರ್‌ಸ್ಲಿಪ್ ಮುಚ್ಚಿ. 100 ಪಟ್ಟು ಹಿಗ್ಗಿಸಿದರೂ ಹಲ್ಲು ಒಂದರ ಮೇಲೊಂದು ಬಿದ್ದಂತೆ ಕಂಡರೆ ಕಾಲು ಓರೆಯಾಗಿದೆ ಎಂದರ್ಥ. ಕವರ್‌ಸ್ಲಿಪ್ಪನ್ನು ಮೆಲ್ಲಗೆ ಜರುಗಿಸಿ ಉರುಳಿಸಿ. ಎಡಗಾಲು, ಬಲಗಾಲು ಎರಡನ್ನೂ ಎಣಿಸುವುದು ಒಳ್ಳೆಯದು, ಏಕೆಂದರೆ ಮುರಿದ ಹಲ್ಲು ಲೆಕ್ಕ ತಪ್ಪಿಸುತ್ತದೆ. ಕೊಕ್ಕಿನ ಮುಳ್ಳನ್ನು ಮಾತ್ರ ಪಕ್ಕದಿಂದಲೇ ನೋಡಬೇಕು. ಎದುರಿನಿಂದ ಉದ್ದನೆಯ ಮುಳ್ಳೂ ಮೋಟಾಗಿ ಕಾಣುತ್ತದೆ, ಕೊಕ್ಕಿನ ಮೂರನೇ ಗೆಣ್ಣಿಗಿಂತ ಅದು ಉದ್ದವೋ ಗಿಡ್ಡವೋ ಎಂಬ ಪ್ರಶ್ನೆಗೆ ತಪ್ಪು ಉತ್ತರ ಬರುತ್ತದೆ.

ಕಣ್ಣುಗಳ ನಡುವಿನ ಅಂತರವೂ ಬೇಕು. ಅದು ತಲೆಯ ಮುಂದೆ ಅಗಲ, ಹಿಂದೆ ಕಿರಿದು. ಎರಡನ್ನೂ ಅಳೆದು ಅನುಪಾತ ತೆಗೆಯಬೇಕು. ತಲೆ ತುಸು ಬಾಗಿದರೂ ಅನುಪಾತ ಕೆಡುತ್ತದೆ, ಹಾಗಾಗಿ ಬಟ್ಟಲಿನ ತಳದಲ್ಲಿ ಸಣ್ಣ ಮರಳು ಹರಡಿ ಅದರಲ್ಲಿ ಹುಳವನ್ನು ಕೂರಿಸುವುದು ಲೇಸು. ಒಣಗಿಸಿ ಸೂಜಿಗೆ ಚುಚ್ಚಿದ ಹುಳ ಸುಕ್ಕುಗಟ್ಟಿರುತ್ತದೆ, ಅದರಿಂದ ಅಳತೆಯ ಆಸೆ ಬಿಡಿ.

ಇನ್ನು ಹೆಣ್ಣುಗಳು. ಬಾಚಣಿಗೆಯಿಲ್ಲ, ಮುಳ್ಳಿಲ್ಲ. ಅದೇ ಬಲೆಯಲ್ಲಿ ಗಂಡೂ ಬಿದ್ದಿತ್ತೆಂದು ಅದರ ಹೆಸರನ್ನೇ ಹೆಣ್ಣಿಗೂ ಅಂಟಿಸುವ ಚಾಳಿ ಇದೆ. ಒಂದೇ ಹೊಂಡದಲ್ಲಿ ಎರಡು ಮೂರು ಪ್ರಭೇದ ಕೂಡಿರುವುದು ಅಪರೂಪವಲ್ಲವಾದ್ದರಿಂದ ಆ ನೆಂಟಸ್ತಿಕೆ ನಿಲ್ಲುವುದಿಲ್ಲ. ಸೀಸೆಯೊಳಗಿನ ಚೀಟಿಯಲ್ಲಿ ಪೆನ್ಸಿಲಿನಿಂದ ‘ಅನಿಸಾಪ್ಸ್, ಹೆಣ್ಣು’ ಎಂದಷ್ಟೇ ಬರೆದು, ಊರು ಮತ್ತು ತಾರೀಖು ಸೇರಿಸಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ.