ಮಲೇರಿಯಾ ರೋಗಾಣುವಿನೊಳಗೆ ಪಾಚಿಯ ಪಾಲು

ಗಿಡಗಳ ವಿಕಾಸದ ಸಂಶೋಧನೆಯಿಂದ ರೋಗಿಗಳಿಗೆ ಏನೂ ಲಾಭವಿಲ್ಲ, ಆ ದುಡ್ಡನ್ನು ಔಷಧಿಗೆ ಹಾಕಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಮಲೇರಿಯಾ ರೋಗಾಣುವನ್ನೇ ನೋಡಿ. ಅದರೊಳಗೆ ಅಪಿಕೋಪ್ಲಾಸ್ಟ್ ಅಂತ ಒಂದು ಪುಟ್ಟ ಭಾಗ ಇದೆ, ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಪ್ಲಾಸ್ಟಿಗೆ ಅದು ನೆಂಟ. ಬಹಳ ಹಿಂದೆ ಈ ರೋಗಾಣುವಿನ ಪೂರ್ವಜ ಒಂದು ಪಾಚಿಯನ್ನು ಒಳಗೆ ಸೇರಿಸಿಕೊಂಡಿತು, ಆ ಪಾಚಿಯ ಪೂರ್ವಜ ಅದಕ್ಕೂ ಮೊದಲು ಒಂದು ಬ್ಯಾಕ್ಟೀರಿಯಾವನ್ನು ಹಾಗೇ ಸೇರಿಸಿಕೊಂಡಿತ್ತು. ಆ ಪಾಚಿಯಲ್ಲಿ ಉಳಿದ ಪಾಲೇ ಅಪಿಕೋಪ್ಲಾಸ್ಟ್. ಈಗ ಅದಕ್ಕೆ ಬಿಸಿಲಿನಿಂದ ಆಹಾರ ತಯಾರಿಸಲು ಬರುವುದಿಲ್ಲ. ಆದರೂ ಅದು ಕೆಟ್ಟರೆ ರೋಗಾಣು ನಮ್ಮ ರಕ್ತದಲ್ಲಿ ಜಾಸ್ತಿ ದಿನ ಉಳಿಯುವುದಿಲ್ಲ. ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಔಷಧಿ ಮಲೇರಿಯಾ ತಡೆಯಲೂ ಕೆಲಸಕ್ಕೆ ಬರುವುದು ಈ ಭಾಗದ ಮೂಲ ಬ್ಯಾಕ್ಟೀರಿಯಾ ಆಗಿರುವುದರಿಂದಲೇ ಅಲ್ವಾ? ಕ್ಲೋರೋಪ್ಲಾಸ್ಟ್ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು ಅಂತ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದಾಗ ಅವರು ಹುಡುಕುತ್ತಿದ್ದದ್ದು ಮಾತ್ರೆಯನ್ನಲ್ಲ, ಜೀವಕೋಶ ಹೇಗೆ ಹುಟ್ಟಿತು ಅನ್ನುವುದನ್ನು.