ಅಂಕವಿಲ್ಲದ ಹಾಡು

ರಿಯೋ ಕಾರ್ನಿವಲ್‌ನ ವಿಡಿಯೊ ಹಾಕುವವರ ಮೇಲೆ ನನಗೆ ಸಿಟ್ಟಿದೆ. ಪೋರ್ತೆಲಾ ಸಾಂಬಾ ಸ್ಕೂಲಿನ (ಸ್ಕೂಲು ಅಂದರೆ ಪಾಠಶಾಲೆಯಲ್ಲ, ಮೆರವಣಿಗೆಯಲ್ಲಿ ಪೈಪೋಟಿಗಿಳಿಯುವ ಹಾಡು-ಕುಣಿತದ ತಂಡ) ಪೂರ್ತಿ ಮೆರವಣಿಗೆ ಅನ್ನುತ್ತಾರೆ, ಹೊರಡಿ ಅಂತ ಸೈರನ್ ಕೂಗಿದ ಮೇಲಿಂದ ತೋರಿಸುತ್ತಾರೆ. ಅದಕ್ಕೂ ಮುಂಚೆ ಮೆರವಣಿಗೆ ಬೀದಿಯ ಬಾಗಿಲ ಹತ್ತಿರ ಡೋಲಿನವರು ಕೈ ಬಿಸಿ ಮಾಡಿಕೊಳ್ಳುವಾಗ ಎಲ್ಲರೂ ಸೇರಿ ತಮ್ಮ ಹಳೇ ಹಾಡು ಹಾಡುತ್ತಾರಲ್ಲ, ಕತ್ತರಿ ಬೀಳುವುದು ಅದಕ್ಕೇ. ನೇರ ಪ್ರಸಾರದಲ್ಲಾದರೂ ಕೇಳೋಣವೆಂದರೆ, ನಿರೂಪಕರು ಅದೇ ಹೊತ್ತಿಗೆ ಗರಿಗಳ ಖರ್ಚು ವಿವರಿಸುತ್ತಿರುತ್ತಾರೆ. ಸ್ವಲ್ಪ ಹೊತ್ತು ಸುಮ್ನೆ ಇರಬಾರದಾ?

ಮೆರವಣಿಗೆಗೆ ವರ್ಷಕ್ಕೊಂದು ಹೊಸ ಹಾಡು. ತೀರ್ಪುಗಾರರು ಅದಕ್ಕೆ ದಶಾಂಶದವರೆಗೆ ಲೆಕ್ಕ ಹಾಕಿ ಅಂಕ ಕೊಡುತ್ತಾರೆ. ಬಾಗಿಲ ಹಾಡಿಗೆ ಅಂಕವೇ ಇಲ್ಲ. ಆದರೂ ಕಣ್ಣೊರೆಸಿಕೊಳ್ಳುವುದು ಅದನ್ನು ಹಾಡುವಾಗಲೇ. ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಒಳ್ಳೆಯ ಸಿದ್ಧಾಂತವಿದೆ. ಮೊದಲು ಸಾಂಬಾ ಹಾಡುಗಾರ ಪೌಲಿನ್ಯೊನ ಫಜೀತಿ ಹೇಳಿಬಿಡುತ್ತೇನೆ.

ಪೌಲಿನ್ಯೊ ಡ ವಿಯೋಲಾ ಪೋರ್ತೆಲಾದವನು. 1966ರಲ್ಲಿ ಪೋರ್ತೆಲಾ ಗೆದ್ದಾಗ ಮೆರವಣಿಗೆಯ ಹಾಡು ಅವನದೇ. ಅಂಥವನ ರಾಗವೊಂದಕ್ಕೆ ಗೆಳೆಯ ಎರ್ಮಿನಿಯೊ ಬೆಲ್ಲೊ ಸಾಹಿತ್ಯ ಬರೆದ. ಯಾರ ಮೇಲೆ? ಎದುರಾಳಿ ಸ್ಕೂಲು ಮಂಗೇರಾದ ಮೇಲೆ! ಅವರ ಕೇರಿಯಿರುವ ಗುಡ್ಡ ಎಷ್ಟು ಚೆಂದ ಅಂತ. ಇಬ್ಬರೇ ಹಾಡಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 1968ರಲ್ಲಿ, ಪೌಲಿನ್ಯೊಗೆ ಇಷ್ಟವಿಲ್ಲದೆಯೇ, ಅದು ಟೀವಿಯ ಸ್ಪರ್ಧೆಗೆ ಹೋಯಿತಂತೆ. ಹಾಡಿದವರು ಎಲ್ಜಾ ಸೋರೆಸ್. ಮೆಲುದನಿಯ ಗಾಯಕಿಯಲ್ಲ. ಊರಿಗೆಲ್ಲ ಕೇಳಿಸಿತು.

ಪೋರ್ತೆಲಾದವರು ಮುಖ ಗಂಟು ಹಾಕಿದರು. ಇಂಥ ಮುನಿಸಿನ ಬಗ್ಗೆ ನನಗೆ ತಾಳ್ಮೆ ಕಡಿಮೆ. ಪಕ್ಕದ ಕೇರಿ ಚೆಂದ ಅಂದರೆ ನಮ್ಮದು ಕೊಳಕು ಅಂತಲಾ? ಎಲ್ಲ ಊರಲ್ಲೂ ಇಂಥವರು ಜಾಸ್ತಿ. ಆದರೆ ಅವರು ಮುನಿಸಿಕೊಳ್ಳದಿದ್ದರೆ ಪೌಲಿನ್ಯೊ ಇನ್ನೊಂದು ಹಾಡು ಬರೆಯುತ್ತಲೇ ಇರಲಿಲ್ಲವೇನೋ. ಅದರಲ್ಲಿ ಪ್ರೀತಿಯಲ್ಲಿ ಪೆಟ್ಟು ತಿಂದವನೊಬ್ಬನ ಎದುರು ಪೋರ್ತೆಲಾ ನೀಲಿಯಾಗಿ, ನದಿಯ ಹಾಗೆ ಹರಿದುಬರುತ್ತದೆ. ಅವನು ಅದರ ಜೊತೆ ಕೊಚ್ಚಿಹೋಗುತ್ತಾನೆ. ಅಷ್ಟೇ ಹಾಡು. 1970ರಲ್ಲಿ ರೆಕಾರ್ಡಾಗಿ ಬಂತು, ಮನೆಮಾತಾಯಿತು. ಈಗ ಬಾಗಿಲಲ್ಲಿ ಹಾಡುವುದು ಅದನ್ನೇ. ಸಮಿತಿ ಕೂರಿಸಿ ಬರೆಸಿದ್ದರೆ ಲಾಂಛನದ ಹದ್ದು, ಗೆದ್ದ ಕಪ್ಪುಗಳು, ಸಂಸ್ಥಾಪಕರ ಹೆಸರು ಎಲ್ಲ ತುರುಕಿ, ಎದ್ದು ನಿಲ್ಲುವುದಕ್ಕೆ ಮಾತ್ರ ಲಾಯಕ್ಕಾದ ಹಾಡು ಮಾಡುತ್ತಿದ್ದರು. ಇದು ನಂಬಿಕೆ ಕೆಡಿಸಿದ ಅಂತ ಬೈಸಿಕೊಂಡವನು ಬರೆದದ್ದು.

ಸಿದ್ಧಾಂತಕ್ಕೆ ಇಲ್ಲಿ ಜಾಗ ಉಳಿಯಲಿಲ್ಲ. ಅಂದಹಾಗೆ, ಆ ಮೊದಲ ಹಾಡನ್ನು ಮಂಗೇರಾದವರು ವಾಪಸ್ ಕೊಟ್ಟಿಲ್ಲ. ಎದುರಾಳಿಯ ರಾಗ ಅಂತ ಗೊತ್ತಿದ್ದೂ ಆರಾಮಾಗಿ ಹಾಡಿಕೊಂಡಿದ್ದಾರೆ.