ಏಳೂವರೆ ಕೋಟಿಯ ಕಾರಿಗೆ ಎರಡೇ ಬಾಗಿಲು

ಹೋದ ತಿಂಗಳು ಬೆಂಗಳೂರಿನ ಒಂದು ದೊಡ್ಡ ಹೋಟೆಲಿಗೆ ಆರತಕ್ಷತೆಗೆ ಅಂತ ಹೋಗಿದ್ದೆ. ಪೋರ್ಟಿಕೋದಲ್ಲಿ ರೋಲ್ಸ್‌ರಾಯ್ಸ್ ಸ್ಪೆಕ್ಟರ್ ನಿಂತಿತ್ತು. ಊಟ ಮರೆತು ಇಪ್ಪತ್ತು ನಿಮಿಷ ಅದರ ಸುತ್ತ ಪ್ರದಕ್ಷಿಣೆ ಹಾಕಿದೆ. ಸೆಕ್ಯುರಿಟಿಯವರು ಎರಡು ಸಲ ಕೆಮ್ಮಿದರು.

ನನ್ನ ಹುಚ್ಚಿಗೆ ಕಾರಣ ಇದೆ. ನಮ್ಮಪ್ಪ ಮೂವತ್ತು ವರ್ಷ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟು ಹೊಲಿದವರು. ಕಾಲೇಜು ದಿನಗಳಲ್ಲಿ ನಾನೂ ಅಲ್ಲಿ ರೆಕ್ಸಿನ್ ಕತ್ತರಿಸಿದ್ದೇನೆ. ಹೊಲಿಗೆ ಹೊರಗೆ ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ, ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಹಾಗಾಗಿ ಯಾವ ಕಾರು ನೋಡಿದರೂ ನಾನು ಇಂಜಿನ್ ಕೇಳುವುದಿಲ್ಲ. ಮೊದಲು ಜಾಯಿಂಟ್ ಎಲ್ಲಿದೆ ಅಂತ ಹುಡುಕುತ್ತೇನೆ.

ಈ ಕಾರಲ್ಲಿ ಹುಡುಕಿ ಹುಡುಕಿ ಸುಸ್ತಾದೆ. ಮುಂದಿನ ಗಾಜಿನ ಪಕ್ಕದ ಕಂಬದಿಂದ ಹಿಡಿದು ಹಿಂದಿನ ಲೈಟು ದಾಟುವ ತನಕ ಪಕ್ಕದ ತಗಡು ಒಂದೇ ತುಂಡು. ಹತ್ತಿರ ಹತ್ತಿರ ನಾಲ್ಕು ಮೀಟರ್! ಮನೆ ಗೋಡೆಗೆ ಬಳಿದ ಗಾರೆಯಲ್ಲೂ ಇಷ್ಟು ನುಣುಪು ಇರಲ್ಲ. ಹಿಂದಿನ ಲೈಟುಗಳನ್ನು ಈ ತಗಡಿನೊಳಗೇ ಕೂರಿಸಿದ್ದಾರೆ, ಅಂಚು ಮುಚ್ಚೋದಕ್ಕೆ ಒಂದು ಕ್ರೋಮ್ ಪಟ್ಟಿ ಕೂಡ ಇಲ್ಲ. ತಪ್ಪು ಮುಚ್ಚೋಕೆ ಪಟ್ಟಿ ಅಂಟಿಸೋದು ಎಲ್ಲರಿಗೂ ಗೊತ್ತಿರುವ ಉಪಾಯ, ಅಲ್ವಾ? ಇವರು ಆ ದಾರಿಯನ್ನೇ ಮುಚ್ಚಿಕೊಂಡಿದ್ದಾರೆ.

ಆಮೇಲೆ ಬಾಗಿಲು. ಒಂದೊಂದೂ ಸುಮಾರು ಒಂದೂವರೆ ಮೀಟರ್ ಉದ್ದ. ರೋಲ್ಸ್‌ರಾಯ್ಸ್ ಇಷ್ಟು ಉದ್ದದ ಬಾಗಿಲನ್ನು ಹಿಂದೆ ಯಾವತ್ತೂ ಮಾಡಿರಲಿಲ್ಲ. ಕೀಲು ಹಿಂದೆ, ಹಿಡಿಕೆ ಮುಂದೆ. ಅಂದರೆ ನಮ್ಮ ಕಾರುಗಳ ಉಲ್ಟಾ. 1950ರ ದಶಕದ ಫಿಯಟ್ 1100 ನೋಡಿದ ಹಿರಿಯರಿಗೆ ಇದು ಹೊಸದಲ್ಲ, ಅದರ ಮುಂದಿನ ಬಾಗಿಲೂ ಹೀಗೇ ತೆರೆಯುತ್ತಿತ್ತು. ಆಗ ಅದಕ್ಕೆ ಸುಸೈಡ್ ಡೋರ್ ಅಂತ ಕೆಟ್ಟ ಹೆಸರು. ಓಡುವಾಗ ಚಿಲಕ ಜಾರಿದರೆ ಗಾಳಿ ಒಳಗೆ ನುಗ್ಗಿ ಬಾಗಿಲನ್ನು ಪೂರ್ತಿ ಕಿತ್ತು ತೆರೆದುಬಿಡುತ್ತಿತ್ತು. ಅದೇ ಬಾಗಿಲು ಈಗ ಗಟ್ಟಿ ಲಾಕು, ಮೋಟಾರು ಸೇರಿ ಕೋಟಿಗಳ ಸಂಗತಿ ಆಗಿದೆ. ಲಾಭವೂ ಇದೆ. ಕಾಲಿಗೆ ಬಾಗಿಲು ಅಡ್ಡ ಬರಲ್ಲ, ಸೀರೆ ಉಟ್ಟವರೂ ನೆಟ್ಟಗೆ ಎದ್ದು ಮುಂದಕ್ಕೆ ಹೆಜ್ಜೆ ಇಡಬಹುದು.

ಅಷ್ಟರಲ್ಲಿ ಕಾರಿನ ಯಜಮಾನರು ಬಂದರು. ಅರವತ್ತರ ಆಸುಪಾಸು, ಸಾದಾ ಅಂಗಿ. ಡ್ರೈವರ್ ಇರಲಿಲ್ಲ, ತಾವೇ ಸ್ಟೀರಿಂಗ್ ಹಿಂದೆ ಕೂತರು. ಬ್ರೇಕ್ ತುಳಿದರು ಅನಿಸುತ್ತೆ, ಬಾಗಿಲು ತಾನಾಗೇ ಮೆಲ್ಲಗೆ ಬಂದು ಮುಚ್ಚಿಕೊಂಡಿತು. ಧಡ್ ಅನ್ನಲಿಲ್ಲ. ದಪ್ಪ ಪುಸ್ತಕ ಮುಚ್ಚಿದ ಹಾಗೆ ಒಂದು ಸಣ್ಣ ಸದ್ದು. ಆಮೇಲೆ ಕಾರು ಹೊರಟಿತು. ಟೈರಿನಡಿ ಒಂದು ಒಣ ಎಲೆ ಮುರಿದದ್ದು ಕೇಳಿಸಿತು, ಕಾರು ಕೇಳಿಸಲಿಲ್ಲ.

ಎರಡು ಬಾಗಿಲಿನ ಕಾರು ದುಡ್ಡು ದಂಡ ಅನ್ನುವವರಿಗೆ ನನ್ನ ಉತ್ತರ ಆ ಯಜಮಾನರು. ಹಿಂದೆ ಕೂತು ಪೇಪರ್ ಓದುವ ಶ್ರೀಮಂತರಿಗೆ ಇದೇ ಕಂಪನಿಯ ಫ್ಯಾಂಟಮ್ ಇದೆ. ಇದು ತಾನೇ ಓಡಿಸುವವನ ಕಾರು. ಹಿಂದೆಯೂ ಎರಡು ಸೀಟಿವೆ, ಇರಲಿ. ಆದರೆ ಐದೂವರೆ ಮೀಟರ್ ಉದ್ದದ ಕಾರನ್ನು ಮುಂದೆ ಕೂರುವ ಇಬ್ಬರಿಗಾಗಿ ಮಾಡಿರೋದು, ಅದೇ ಇದರ ಗತ್ತು.

ಇದು ರೋಲ್ಸ್‌ರಾಯ್ಸ್‌ನ ಮೊದಲ ಪೂರ್ತಿ ಎಲೆಕ್ಟ್ರಿಕ್ ಕಾರು, 2022ರಲ್ಲಿ ತೋರಿಸಿದ್ದು. ಪೆಟ್ರೋಲ್ ಹೋದರೆ ರಾಜಗಾಂಭೀರ್ಯ ಹೋಯಿತು ಅಂತ ಕೆಲವರು ಗೋಳಾಡಿದರು. ನನಗೆ ಅರ್ಥವೇ ಆಗಲ್ಲ. ನೂರು ವರ್ಷ ಈ ಕಂಪನಿ ಮಾಡಿದ್ದು ಇಂಜಿನ್ನಿನ ಸದ್ದು ಅಡಗಿಸುವ ಕೆಲಸ ತಾನೇ? ಕಂಪನಿ ಹುಟ್ಟುವ ಮೊದಲೇ, 1900ರಲ್ಲಿ, ಅದರ ಸ್ಥಾಪಕರಲ್ಲಿ ಒಬ್ಬರಾದ ಚಾರ್ಲ್ಸ್ ರೋಲ್ಸ್ ಎಲೆಕ್ಟ್ರಿಕ್ ಕಾರನ್ನು ಹೊಗಳಿದ್ದರು. ಸದ್ದಿಲ್ಲ, ವಾಸನೆಯಿಲ್ಲ, ನಡುಕವಿಲ್ಲ, ಚಾರ್ಜ್ ಮಾಡುವ ಜಾಗಗಳು ಬಂದರೆ ತುಂಬಾ ಉಪಯೋಗ ಅಂದಿದ್ದರು. ಈಗ ಸುಮಾರು 700 ಕೆಜಿಯ ಬ್ಯಾಟರಿಯನ್ನು ನೆಲದಡಿ ಹಾಸಿ, ಅದನ್ನೇ ಸದ್ದು ತಡೆಯುವ ಹಾಸಿಗೆಯಾಗಿಯೂ ಬಳಸಿಕೊಂಡಿದ್ದಾರೆ. ಒಂದು ಭಾರಕ್ಕೆ ಎರಡು ಕೆಲಸ. ಅಪ್ಪ ಉಳಿದ ಫೋಮ್ ತುಂಡುಗಳನ್ನು ಬಾಗಿಲ ಪ್ಯಾಡಿಗೆ ತುರುಕುತ್ತಿದ್ದದ್ದು ನೆನಪಾಯಿತು. ಕಾರಿನ ತೂಕ ಮೂರು ಟನ್ನಿಗೆ ಹತ್ತಿರ. ಒಂದು ಚಾರ್ಜಿಗೆ 530 ಕಿಮೀ ಅನ್ನುತ್ತಾರೆ. 23 ಇಂಚಿನ ಚಕ್ರ, ನಮ್ಮ ಹೊಂಡಗಳ ಬಗ್ಗೆ ಸುಮ್ನೆ ಇರುತ್ತೇನೆ.

ಈಗ ನನ್ನ ತಕರಾರು. ಮುಂದಿನ ಗ್ರಿಲ್ಲಿಗೆ 22 ಎಲ್ಇಡಿ ಹಾಕಿ ರಾತ್ರಿ ಹೊಳೆಯುವ ಹಾಗೆ ಮಾಡಿದ್ದಾರೆ. ಯಾಕೆ ಬೇಕಿತ್ತು? ಜಾತ್ರೆಯ ಸೀರಿಯಲ್ ಸೆಟ್ಟಿನ ನೆಂಟಸ್ತಿಕೆ ಬಂದುಬಿಟ್ಟಿದೆ. ಒಳಗೆ ಚಾವಣಿಯಲ್ಲಿ ನಕ್ಷತ್ರದ ಹಾಗೆ ಮಿನುಗುವ ಪುಟ್ಟ ಬೆಳಕುಗಳು ಸರಿ, ಕೈಯಲ್ಲಿ ಒಂದೊಂದೇ ಆಪ್ಟಿಕಲ್ ಫೈಬರ್ ಎಳೆ ಪೋಣಿಸುವ ಕೆಲಸಕ್ಕೆ ನನ್ನ ನಮಸ್ಕಾರ. ಆದರೆ ಬೇಕೆಂದರೆ ಬಾಗಿಲ ಒಳಮೈಗೂ 4,796 ನಕ್ಷತ್ರ ಹಾಕಿಕೊಡುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಇನ್ನೂ 5,500ಕ್ಕೂ ಜಾಸ್ತಿ, ನಡುವೆ ಕಾರಿನ ಹೆಸರು. ಕೂತವನಿಗೆ ಕಾರಿನ ಹೆಸರು ಗೊತ್ತಿರಲ್ವಾ? ಜೆ.ಸಿ. ರಸ್ತೆಯಲ್ಲಿ ಈಗ ಯಾವ ಎಸ್‌ಯುವಿಗೆ ಬೇಕಾದರೂ ನಕ್ಷತ್ರದ ಚಾವಣಿ ಹಾಕಿಕೊಡುತ್ತಾರೆ. ಆ ತಗಡನ್ನು, ಆ ಬಾಗಿಲನ್ನು ಮಾಡಿಕೊಡುವವರು ಯಾರೂ ಇಲ್ಲ. ಬೆಲೆ ಬಾಳುವುದು ಅದು.

ಬೆಲೆ ಅಂದರೆ, 2024ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಶೋರೂಮ್ ಬೆಲೆಯೇ ಏಳೂವರೆ ಕೋಟಿ. ಅದೇ ವರ್ಷ ಕರ್ನಾಟಕ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ. 10 ಆಜೀವ ತೆರಿಗೆ ಹಾಕಿತು. ಲೆಕ್ಕ ಹಾಕಿ, ತೆರಿಗೆಯೇ ಮುಕ್ಕಾಲು ಕೋಟಿ.

ಮನೆಗೆ ಬಂದು ಅಪ್ಪನಿಗೆ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಾಗಿಲ ಅಂಚನ್ನು ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು.

"ಬಾಗಿಲ ರಬ್ಬರಿನ ಎರಡು ತುದಿ ಎಲ್ಲಿ ಸೇರಿಸಿದ್ದಾರೆ?"

"ನೋಡಲಿಲ್ಲ ಅಪ್ಪ."

"ಮತ್ತೆ ಇಪ್ಪತ್ತು ನಿಮಿಷ ಏನು ನೋಡಿದೆ?"